13 ರೂಪಾಯಿಯ ಬಾಕಿ, ಮರ್ಫಿ ಟೌನಿನ ಲೆಕ್ಕ

ಬೆಂಗಳೂರಿನ ಬಗ್ಗೆ ಬರೆಯುವವರೆಲ್ಲ ಒಮ್ಮೆಯಾದರೂ ಹೇಳುವ ಕತೆಯೊಂದಿದೆ. ವಿನ್‌ಸ್ಟನ್ ಚರ್ಚಿಲ್ ಎಂಬ ಎಳೆಯ ಲೆಫ್ಟಿನೆಂಟ್ ಇಲ್ಲಿನ ದಂಡಿನಲ್ಲಿದ್ದ. ಆಗಿನ ಯುನೈಟೆಡ್ ಸರ್ವೀಸಸ್ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೊರಟುಹೋದ. 1899ರ ಜೂನ್ 1ರ ದಾಖಲೆಯಲ್ಲಿ ಆ ಮೊತ್ತ ವಸೂಲಾಗದ ಬಾಕಿಗಳ ಪಟ್ಟಿಗೆ ಸೇರಿದೆ. ಇಂದಿನ ಬೆಂಗಳೂರು ಕ್ಲಬ್ಬು ಆ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿದೆ. ಕತೆ ಹೇಳುವವರ ಮುಖದಲ್ಲಿ ಒಂದು ತುಂಟ ನಗು ಇರುತ್ತದೆ. ಸಾಮ್ರಾಜ್ಯದ ಯಜಮಾನ ನಮಗೇ ಸಾಲಗಾರನಾಗಿದ್ದ, ನೋಡಿ!

ಈ ನಗುವಿನ ಮೇಲೆ ನನಗೆ ತಕರಾರಿದೆ. 13 ರೂಪಾಯಿಯ ಕತೆ ನಮ್ಮ ಪರವಾದದ್ದೆಂದು ನಾವು ತಿಳಿದುಕೊಂಡಿದ್ದೇವೆ. ಅದು ನಮ್ಮ ಪರವಾದದ್ದಲ್ಲ. ಆ ಬಾಕಿ ಕ್ಲಬ್ಬಿನದು. ಆ ಕ್ಲಬ್ಬಿನೊಳಗೆ ನಮ್ಮವರು ಇದ್ದದ್ದು ತಟ್ಟೆ ಹಿಡಿದು, ಪಂಖ ಎಳೆದುಕೊಂಡು. ಅವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಇದೇ ಕತೆಯನ್ನು ಮರ್ಫಿ ಟೌನಿನಲ್ಲಿ ನಿಂತು ಕೇಳಿ. ಹಲಸೂರಿನ ಮಗ್ಗುಲಲ್ಲಿ, ಕೆರೆಗೂ ಹಳೇ ಮದ್ರಾಸು ರಸ್ತೆಗೂ ಹತ್ತಿರದ ಈ ಜಾಗಕ್ಕೆ ಮೊದಲು ನಾಕ್ಸ್‌ಪೇಟೆ ಎಂಬ ಹೆಸರಿತ್ತು. ಆಮೇಲೆ ಇಂಜಿನಿಯರ್ ಮರ್ಫಿಯ ಹೆಸರು ಅಂಟಿಕೊಂಡಿತು. ದಂಡಿನ ಬಂಗಲೆಗಳೂ ಬ್ಯಾರಕ್ಕುಗಳೂ ನಡೆಯಬೇಕಾದರೆ ಯಾರ ಕೈಗಳು ಬೇಕಿದ್ದವೋ ಅಂಥವರಿಗಾಗಿ ಕಟ್ಟಿದ ಚಿಕ್ಕ ಮನೆಗಳ ಸಾಲು ಇದು. ಚರ್ಚಿಲ್ ಇಲ್ಲಿದ್ದಾಗ ಮರ್ಫಿ ಟೌನ್ ಎಂಬ ಹೆಸರು ಹುಟ್ಟಿರಲಿಲ್ಲ. ಆದರೆ ಆ ಕೆಲಸ ಮಾಡುವ ಜನ ದಂಡಿನಲ್ಲಿ ಇದ್ದರು.

ಚರ್ಚಿಲ್ ತನ್ನ ಆತ್ಮಕತೆಯಲ್ಲಿ ಬೆಂಗಳೂರಿನ ದಿನಗಳನ್ನು ಬಾಯಿ ಚಪ್ಪರಿಸಿಕೊಂಡು ನೆನೆಯುತ್ತಾನೆ. 1896ರಲ್ಲಿ ನಾಲ್ಕನೇ ಹುಸಾರ್ಸ್ ರೆಜಿಮೆಂಟಿನ ಜೊತೆ ಬಂದಾಗ ಅವನಿಗೆ 21 ವರ್ಷ. ಇಬ್ಬರು ಗೆಳೆಯರ ಜೊತೆ ಸೇರಿ ದೊಡ್ಡ ತೋಟದ ನಡುವಿನ ಬಿಳಿ-ಗುಲಾಬಿ ಗಾರೆಯ ಬಂಗಲೆಯೊಂದನ್ನು ಹಿಡಿದ. ಗುಲಾಬಿ ಬೆಳೆಸಿದ, ಚಿಟ್ಟೆ ಕೂಡಿಹಾಕಿದ, ಸಂಜೆಯಾದರೆ ಪೋಲೊ ಆಡಿದ. ಮನೆಯ ಉಸ್ತುವಾರಿಗೆ ಬಟ್ಲರ್, ಬಟ್ಟೆ ತೊಡಿಸಲು ಹುಡುಗ, ಕುದುರೆಗಳಿಗೆ ಸೈಸ್‌ಗಳು. ಮೂವರಿಗೂ ಸೇರಿ ಇಬ್ಬರು ಮಾಲಿಗಳು, ಮೂವರು ಭಿಸ್ತಿಗಳು, ನಾಲ್ವರು ಧೋಬಿಗಳು, ಒಬ್ಬ ಕಾವಲುಗಾರ. ಬೆಳಗಿನ ಜಾವ ಕತ್ತಲಿರುವಾಗಲೇ ಕಪ್ಪು ಆಕೃತಿಯೊಂದು ಬಂದು, ತಣ್ಣಗಿನ ಕೈಯಿಂದ ಗದ್ದ ಎತ್ತಿ, ನೊರೆ ಹಚ್ಚಿದ ಗಂಟಲಿಗೆ ಕತ್ತಿ ಇಡುತ್ತಿತ್ತು ಎಂದೂ ಬರೆಯುತ್ತಾನೆ. ಹಾಸಿಗೆಯಲ್ಲೇ ಕ್ಷೌರ.

ಆ ಕೈಯ ಬಗ್ಗೆ ಯೋಚಿಸಿ. ಮುಂದೆ ಒಂದು ಮಹಾಯುದ್ಧವನ್ನು ನಡೆಸಲಿದ್ದ ಮನುಷ್ಯನ ಗಂಟಲ ಮೇಲೆ ದಿನಾ ಕತ್ತಿಯಾಡಿಸಿದ ಕೈ ಅದು. ಒಂದು ಗೀರೂ ಬೀಳದಂತೆ ನೋಡಿಕೊಂಡ ಕೈ. ಆ ಮನುಷ್ಯನಿಗೆ ಚರ್ಚಿಲ್ ಹೆಸರು ಕೊಟ್ಟಿಲ್ಲ. ಭಿಸ್ತಿಗಳಿಗೂ ಇಲ್ಲ, ಧೋಬಿಗಳಿಗೂ ಇಲ್ಲ. ಅವರು ಎಣಿಕೆಯಲ್ಲಿದ್ದಾರೆ, ಹೆಸರಿನಲ್ಲಿಲ್ಲ.

ನನ್ನ ವಾದ ಇಷ್ಟೇ. ಯುದ್ಧವನ್ನು ಹೇಗೆ ಬರೆಯಬೇಕೆಂದು ಚರ್ಚಿಲ್ ಕಲಿತದ್ದು ಬೆಂಗಳೂರಿನ ಈ ಬಂಗಲೆಯಲ್ಲಿ. ಅವನ ಬರವಣಿಗೆಯಲ್ಲಿ, ಮುಂಬರುವ ಯುದ್ಧಗಳನ್ನು ಊಹಿಸಿ ಬರೆದದ್ದರಲ್ಲಿ ಕೂಡ, ಕೆಳಗಿನವರು ಬಂಗಲೆಯಲ್ಲಿ ಇದ್ದಂತೆಯೇ ಇದ್ದಾರೆ: ಕೆಲಸಕ್ಕುಂಟು, ಹೆಸರಿಗಿಲ್ಲ. ಅವನು ಉಳಿಸಿಹೋದ ನಿಜವಾದ ಬಾಕಿ ಇದು. ತೀರಿಸಬೇಕಾದವರು ಕನ್ನಡದಲ್ಲಿ ಬರೆಯುವ ನಾವು. ನಾವಾದರೋ ಕ್ಲಬ್ಬಿನ ಗುಮಾಸ್ತನ ಪುಸ್ತಕ ನೋಡಿ ನಗುತ್ತ ಕೂತಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1943ರ ಬಂಗಾಳದ ಕ್ಷಾಮದಲ್ಲಿ ಚರ್ಚಿಲ್ ಸರ್ಕಾರದ ಹೊಣೆ ಎಷ್ಟು ಎಂಬುದು ದೊಡ್ಡ ವಾದ. ಅದಕ್ಕೆ ಬೇರೆ ಲೇಖನವೇ ಬೇಕು. ಇಲ್ಲಿ ನನ್ನ ಜಗಳ ಪ್ರಧಾನಿಯ ಜೊತೆಗಲ್ಲ, ಲೇಖಕನ ಜೊತೆ. 1953ರಲ್ಲಿ ಸಾಹಿತ್ಯದ ನೊಬೆಲ್ ಪಡೆದವನನ್ನು ಲೇಖಕನೆಂದೇ ಎದುರಿಸುವುದು ನ್ಯಾಯ.

ಈ ಲೇಖಕನ ವೃತ್ತಿ ಶುರುವಾದದ್ದೇ ಇಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಗೆಳೆಯರು ನಿದ್ದೆ ಹೊಡೆಯುವಾಗ ಇವನು ಅಮ್ಮ ಕಳಿಸಿದ ಗಿಬ್ಬನ್ನನ ಇತಿಹಾಸ, ಮೆಕಾಲೆಯ ಸಂಪುಟಗಳನ್ನು ದಿನಕ್ಕೆ ನಾಲ್ಕೈದು ಗಂಟೆ ಓದಿದ. ಆ ಶ್ರದ್ಧೆಯನ್ನು ಮೆಚ್ಚಲೇಬೇಕು. 1897ರಲ್ಲಿ ವಾಯವ್ಯ ಗಡಿಯಲ್ಲಿ ಪಠಾಣರ ದಂಗೆಯೆದ್ದಾಗ ರಜೆ ಹಾಕಿ ಅಲ್ಲಿಗೆ ಓಡಿದ. ಲಂಡನ್ನಿನ ಡೇಲಿ ಟೆಲಿಗ್ರಾಫ್ ಮತ್ತು ಅಲಹಾಬಾದಿನ ಪಯೊನೀರ್ ಪತ್ರಿಕೆಗಳಿಗೆ ವರದಿ ಬರೆದ. ಬೆಂಗಳೂರಿಗೆ ಮರಳಿ, ಕೆಲವೇ ವಾರಗಳಲ್ಲಿ ಮಲಕಂಡ್ ದಂಡಯಾತ್ರೆಯ ಪುಸ್ತಕ ಮುಗಿಸಿದ. ಅದು 1898ರ ಮಾರ್ಚಿನಲ್ಲಿ ಅಚ್ಚಾಯಿತು. ಅವನ ಮೊದಲ ಪುಸ್ತಕ. ಅದಕ್ಕೂ ಮುನ್ನವೇ ಇಲ್ಲಿ ಒಂದು ಕಾದಂಬರಿಗೆ ಕೈಹಾಕಿದ್ದ. ಲಾರೇನಿಯ ಎಂಬ ಇಲ್ಲದ ದೇಶ, ಅಲ್ಲೊಬ್ಬ ಸರ್ವಾಧಿಕಾರಿ, ಒಂದು ಕ್ರಾಂತಿ, ಕೊನೆಗೆ ತನ್ನದೇ ರಾಜಧಾನಿಯ ಮೇಲೆ ಗುಂಡು ಸುರಿಸುವ ನೌಕಾಪಡೆ. ಅದೇ ‘ಸವ್ರೋಲಾ’. ಚರ್ಚಿಲ್ ಮುಗಿಸಿ ಅಚ್ಚು ಹಾಕಿಸಿದ ಒಂದೇ ಕಾದಂಬರಿ. ಅರ್ಪಣೆ ನಾಲ್ಕನೇ ಹುಸಾರ್ಸ್‌ನ ಅಧಿಕಾರಿಗಳಿಗೆ. ಮುಂದೆ ಅವನೇ ಸ್ನೇಹಿತರಿಗೆ ಅದನ್ನು ಓದಬೇಡಿ ಅನ್ನುತ್ತಿದ್ದ.

ನಾವು ಓದೋಣ. ‘ಸವ್ರೋಲಾ’ದ ನಾಯಕ ಜನರ ಮುಂದಾಳು, ಪ್ರಜಾಪ್ರಭುತ್ವದ ಪರ ಹೋರಾಡುವವನು. ಹಾಗಿದ್ದೂ ಅದರಲ್ಲಿ ಜನ ಎಂದರೆ ಭಾಷಣಕ್ಕೆ ಅಲೆಯಂತೆ ಏಳುವ, ಇಳಿಯುವ ಗುಂಪು. ಬೀದಿಯಲ್ಲಿ ಸಾಯಲು ಅವರು ಬೇಕು. ಮಾತಾಡಲು, ಯೋಚಿಸಲು, ಪ್ರೀತಿಸಲು ನಾಯಕನೂ ಅಧ್ಯಕ್ಷನ ಹೆಂಡತಿಯೂ ಇದ್ದಾರೆ. ಮನೆಗೆಲಸದವರಲ್ಲಿ ಹೆಸರೂ ಅಂತಃಕರಣವೂ ಇರುವ ಒಬ್ಬಳು ಸಿಗುತ್ತಾಳೆ: ನಾಯಕನನ್ನು ಸಾಕಿದ ಮುದುಕಿ ಬೆಟೀನ್. ಚರ್ಚಿಲ್ ತನ್ನನ್ನು ಸಾಕಿದ ದಾದಿಯನ್ನು ನೆನೆದು ಅವಳನ್ನು ಬರೆದ. ಆ ಪುಟಗಳು ಚೆನ್ನಾಗಿವೆ. ಅಂದರೆ ಇವನಿಗೆ ಸೇವಕರನ್ನು ಮನುಷ್ಯರೆಂದು ಬರೆಯಲು ಬರುತ್ತಿರಲಿಲ್ಲ ಎಂದೇನಲ್ಲ. ತನ್ನ ಊರಿನ ದಾದಿಯನ್ನು ಬರೆಯಬಲ್ಲವನಿಗೆ ದಿನಾ ಗಂಟಲು ಮುಟ್ಟುವ ಬೆಂಗಳೂರಿನ ಕ್ಷೌರಿಕ ಮಾತ್ರ ಕಾಣಲಿಲ್ಲ.

ಮಲಕಂಡ್ ಪುಸ್ತಕದಲ್ಲಿ ಇದು ಇನ್ನೂ ನಿಚ್ಚಳ. ಸತ್ತ ಇಂಗ್ಲಿಷ್ ಅಧಿಕಾರಿಗಳಿಗೆ ಹೆಸರುಂಟು, ರೆಜಿಮೆಂಟುಂಟು. ಅವರ ಪಕ್ಕದಲ್ಲೇ ಸತ್ತ ದೇಶಿ ಸಿಪಾಯಿಗಳು ಪಟ್ಟಿಯಲ್ಲಿ ಬಹುಮಟ್ಟಿಗೆ ಅಂಕಿಗಳು. ಎದುರಾಳಿಗಳ ಕಣಿವೆಗಳನ್ನು ಹೇಗೆ ದಂಡಿಸಿದೆವೆಂದು ಆತ್ಮಕತೆಯಲ್ಲೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಒಂದೊಂದೇ ಹಳ್ಳಿ ಹಿಡಿದು ಮನೆ ಉರುಳಿಸಿದರು, ಬಾವಿ ಮುಚ್ಚಿದರು, ನೆರಳಿನ ಮರ ಕಡಿದರು, ಬೆಳೆ ಸುಟ್ಟರು, ನೀರಿನ ಕಟ್ಟೆ ಒಡೆದರು. ಹಿಂಜರಿಕೆ ಇಲ್ಲದ ಬರವಣಿಗೆ. ಇದರ ಜೊತೆಗೆ, ದೇಹದೊಳಗೆ ಹೊಕ್ಕು ಅಗಲವಾಗುವ ದಮ್‌ದಮ್ ಗುಂಡನ್ನು ಒಂದು ಯಂತ್ರವೆಂದು ನೋಡಿ ಅದರ ಚೆಲುವನ್ನು ಕೊಂಡಾಡುತ್ತಾನೆ. ಸೈನಿಕ ವಿಜ್ಞಾನ ಕಾದಂಬರಿಗಳನ್ನು ಓದಿದವರಿಗೆ ಈ ದನಿ ಗೊತ್ತು. ಆಯುಧದ ವರ್ಣನೆಗೆ ಎರಡು ಪುಟ. ಅದು ಯಾರ ಮೂಳೆ ಮುರಿಯಿತೋ ಅವನಿಗೆ ಅರ್ಧ ಸಾಲು.

ಆ ಕಾಲವೇ ಹಾಗಿತ್ತು, ಅನ್ನುವವರಿದ್ದಾರೆ. ಹಾಗಾದರೆ ಆ ಕಾಲವನ್ನೇ ನೋಡೋಣ. ಮಲಕಂಡ್ ಪುಸ್ತಕ ಬಂದ 1898ರಲ್ಲೇ ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕೂಡ ಪುಸ್ತಕವಾಗಿ ಬಂತು. ಮಂಗಳಲೋಕದವರು ಬಂದು ಇಂಗ್ಲೆಂಡನ್ನು ಸುಡುತ್ತಾರೆ. ಅವರನ್ನು ಬೈಯುವ ಮುನ್ನ ಟಾಸ್ಮೇನಿಯದ ಮೂಲನಿವಾಸಿಗಳಿಗೆ ನಾವೇನು ಮಾಡಿದೆವು ನೆನಪಿಸಿಕೊಳ್ಳಿ ಎಂದು ವೆಲ್ಸ್ ಮೊದಲ ಅಧ್ಯಾಯದಲ್ಲೇ ಕೇಳುತ್ತಾನೆ. ಅದೇ ದೇಶ, ಅದೇ ವರ್ಷ. ಹಳ್ಳಿ ಸುಡುವುದನ್ನು ಒಬ್ಬ ಕುದುರೆಯ ಮೇಲಿಂದ ಬರೆದ, ಇನ್ನೊಬ್ಬ ಸುಡುವ ಹಳ್ಳಿಯೊಳಗಿನಿಂದ ಬರೆದ. ಎಲ್ಲ ತಪ್ಪನ್ನೂ ಕಾಲದ ತಲೆಗೆ ಕಟ್ಟಲಾಗದು.

ಇಬ್ಬರ ಸಂಬಂಧ ಅಲ್ಲಿಗೆ ಮುಗಿಯಲಿಲ್ಲ. 1903ರಲ್ಲಿ ವೆಲ್ಸ್ ನೆಲದ ಮೇಲೆ ತೆವಳುವ ಉಕ್ಕಿನ ಯುದ್ಧನೌಕೆಗಳ ಕತೆಯೊಂದನ್ನು ಬರೆದ. 1915ರಲ್ಲಿ ನೌಕಾ ಇಲಾಖೆಯ ಮಂತ್ರಿಯಾಗಿದ್ದ ಚರ್ಚಿಲ್ ಭೂನೌಕೆಗಳ ಸಮಿತಿ ಕೂರಿಸಿದ. ಅದರಿಂದ ಟ್ಯಾಂಕ್ ಹುಟ್ಟಿತು. 1923ರಲ್ಲಿ ವೆಲ್ಸ್ ‘ಮೆನ್ ಲೈಕ್ ಗಾಡ್ಸ್’ ಕಾದಂಬರಿಯಲ್ಲಿ ಚರ್ಚಿಲ್ಲನನ್ನೇ ರೂಪರ್ಟ್ ಕ್ಯಾಟ್‌ಸ್ಕಿಲ್ ಎಂಬ ಪಾತ್ರ ಮಾಡಿ ಛೇಡಿಸಿದ. ಯುದ್ಧವೇ ಇಲ್ಲದ ಲೋಕಕ್ಕೆ ಅಕಸ್ಮಾತ್ತಾಗಿ ಹೋಗಿ ಬಿದ್ದರೂ, ಅದನ್ನು ಗೆದ್ದುಕೊಳ್ಳುವುದು ಹೇಗೆಂದು ಯೋಜನೆ ಹಾಕುವ ಮಂತ್ರಿ ಅವನು.

ಚರ್ಚಿಲ್ಲನೂ ಭವಿಷ್ಯ ಬರೆದ, ಚೆನ್ನಾಗಿಯೇ ಬರೆದ. 1924ರ ಲೇಖನವೊಂದರಲ್ಲಿ ಕಿತ್ತಳೆ ಹಣ್ಣಿನ ಗಾತ್ರದ, ಕಟ್ಟಡಗಳ ಸಾಲನ್ನೇ ಅಳಿಸುವ ಬಾಂಬನ್ನು ಊಹಿಸಿದ. ಪೈಲಟ್ ಇಲ್ಲದೆ, ವೈರ್‌ಲೆಸ್ ಹಿಡಿತದಲ್ಲಿ ಹಾರಿ ಬಂದು ನಗರಗಳ ಮೇಲೆ ಬೀಳುವ ಸ್ಫೋಟಕಗಳನ್ನು ಊಹಿಸಿದ. ಇವತ್ತಿನ ಡ್ರೋನ್‌ಗಳನ್ನು ನೋಡುವವರು ಅವನ ಕಣ್ಣಿಗೆ ಶರಣು ಅನ್ನಬೇಕು. 1931ರಲ್ಲಿ ಇನ್ನೈವತ್ತು ವರ್ಷಗಳ ಜಗತ್ತನ್ನು ಬರೆಯುತ್ತ, ಇಡೀ ಕೋಳಿ ಸಾಕದೆ ತಿನ್ನುವ ಮಾಂಸವನ್ನಷ್ಟೇ ಬೆಳೆಸುವ ಕಾಲ ಬರುತ್ತದೆ ಎಂದ. ಯಂತ್ರದ ದುಡಿಮೆಗಷ್ಟೇ ಒಗ್ಗುವ, ಬೇರೆ ಆಸೆಯಿಲ್ಲದ ಜೀವಿಗಳನ್ನು ಗಾಜಿನೊಳಗೆ ಬೆಳೆಸಬಹುದು ಎಂದೂ ಬರೆದ. ಅದನ್ನು ಅವನು ಬಯಸಲಿಲ್ಲ, ಎಚ್ಚರಿಕೆಯೆಂದೇ ಬರೆದ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ನನಗೊಂದು ಪ್ರಶ್ನೆ ಉಳಿಯುತ್ತದೆ. ಬೇರೆ ಆಸೆಯಿಲ್ಲದ ದುಡಿಯುವ ಜೀವಿಗಳನ್ನು ಕಂಡು ಬೆಚ್ಚಿದವನಿಗೆ ತನ್ನ ಬಂಗಲೆಯ ನಾಲ್ವರು ಧೋಬಿಗಳು ಎಂದಾದರೂ ನೆನಪಾದರೇ?

ಇದೇ ಹೊತ್ತಿಗೆ ಅವನು ಬರೆದ ಒಂದು ಕಲ್ಪನಾ ಇತಿಹಾಸವೂ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್ ಕದನವನ್ನು ದಕ್ಷಿಣದ ಸೇನಾಪತಿ ಲೀ ಗೆದ್ದಿದ್ದರೆ? ಆ ಲೋಕದಲ್ಲಿ ಲೀ ತಾನಾಗಿಯೇ ಗುಲಾಮಗಿರಿಯನ್ನು ರದ್ದು ಮಾಡುತ್ತಾನೆ, ಮುಂದೆ ಇಂಗ್ಲಿಷ್ ಮಾತಾಡುವ ದೇಶಗಳು ಒಂದಾಗಿ ಮಹಾಯುದ್ಧವನ್ನೇ ತಪ್ಪಿಸುತ್ತವೆ. ಜಾಣ ಬರಹ. ಆದರೆ ಅದರಲ್ಲಿ ಗುಲಾಮರು ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ. ಬಿಡುಗಡೆ ಮೇಲಿನಿಂದ ಬರುತ್ತದೆ, ಅವರು ತೆಗೆದುಕೊಳ್ಳುತ್ತಾರೆ. ಲಾರೇನಿಯದ ಗುಂಪು, ಮಲಕಂಡಿನ ಹಳ್ಳಿ, ಗಾಜಿನೊಳಗಿನ ಆಳು, ದಕ್ಷಿಣದ ಗುಲಾಮ: ಚರಿತ್ರೆ ಇವರ ಮೇಲೆ ನಡೆಯುತ್ತದೆಯೇ ಹೊರತು ಇವರಿಂದ ನಡೆಯುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ, ಯಾಕೆಂದರೆ ಈ ಲೇಖಕನ ಕೈಗೆ ಅಧಿಕಾರವೂ ಬಂತು. 1919ರಲ್ಲಿ ಯುದ್ಧಮಂತ್ರಿಯಾಗಿ, ‘ನಾಗರಿಕರಲ್ಲದ’ ಬುಡಕಟ್ಟುಗಳ ಮೇಲೆ ವಿಷಾನಿಲ ಬಳಸುವುದಕ್ಕೆ ತನ್ನ ಬಲವಾದ ಒಪ್ಪಿಗೆಯಿದೆ ಎಂದು ಟಿಪ್ಪಣಿ ಬರೆದ. ಅದೇ ಟಿಪ್ಪಣಿಯಲ್ಲಿ ಕಣ್ಣೀರು ಬರಿಸುವಂಥ, ಕೊಲ್ಲದ ಅನಿಲದ ಮಾತಿದೆ ಎಂಬುದನ್ನು ಮುಚ್ಚಿಡಬಾರದು. 1921ರಲ್ಲಿ ಕೈರೋ ಸಮ್ಮೇಳನ ಇರಾಕಿನ ಕಾವಲನ್ನು ವಿಮಾನಪಡೆಗೆ ಒಪ್ಪಿಸಿತು. ಆಗ ವಸಾಹತುಗಳ ಮಂತ್ರಿ ಚರ್ಚಿಲ್. ಹಳ್ಳಿಗಳನ್ನು ಮೇಲಿನಿಂದ ದಂಡಿಸುವುದು ಅಗ್ಗವೆಂಬ ಲೆಕ್ಕ ಅದು. ಮಲಕಂಡಿನಲ್ಲಿ ಕುದುರೆಯ ಎತ್ತರದಿಂದ ಕಂಡದ್ದು ಇರಾಕಿನಲ್ಲಿ ವಿಮಾನದ ಎತ್ತರದಿಂದ ಕಂಡಿತು. ಎತ್ತರ ಹೆಚ್ಚಾದಷ್ಟೂ ಕೆಳಗಿನ ಮುಖ ಸಣ್ಣದಾಗುತ್ತದೆ.

ಭವಿಷ್ಯದ ಯುದ್ಧದ ಕಾದಂಬರಿಗೆ ಈ ಎತ್ತರ ಹುಟ್ಟಿನಿಂದಲೇ ಬಂದದ್ದು. 1871ರಲ್ಲಿ ಜಾರ್ಜ್ ಚೆಸ್ನಿ ಬರೆದ ‘ದಿ ಬ್ಯಾಟ್ಲ್ ಆಫ್ ಡಾರ್ಕಿಂಗ್’ ಎಂಬ ಕತೆಯಿಂದ ಈ ಪ್ರಕಾರ ಜನಪ್ರಿಯವಾಯಿತು. ಇಂಗ್ಲೆಂಡಿನ ಮೇಲೆ ಪರದೇಶದ ಸೇನೆ ದಂಡೆತ್ತಿ ಬಂದು ಗೆಲ್ಲುವ ಕತೆ. ಬರೆದವನು ಬಂಗಾಳ ಇಂಜಿನಿಯರ್ಸ್‌ನ ಅಧಿಕಾರಿ. 1857ರ ದೆಹಲಿಯಲ್ಲಿ ಕಾದಿದವನು. ನಾವು ಇತರರಿಗೆ ಮಾಡಿದ್ದು ನಮಗೂ ಆದರೆ ಎಂಬ ಭಯ ಅವನದು. ಭಾರತದ ನೆಲದಲ್ಲಿ ಪಳಗಿದ ಅಧಿಕಾರಿಗಳ ಆಫೀಸರ್ಸ್ ಮೆಸ್ಸು ಈ ಸಾಹಿತ್ಯದ ತವರುಮನೆಗಳಲ್ಲಿ ಒಂದು.

ಆ ಮೆಸ್ಸಿನ ಹೊರಗಿನಿಂದ ಈ ಕಾದಂಬರಿಯನ್ನು ಬರೆಯಲು ಸಾಧ್ಯವೇ? ಸಾಧ್ಯ. ಬರೆದವನೊಬ್ಬ ಸ್ಯಾಪರ್.

ಮರ್ಫಿ ಟೌನಿನವರಿಗೆ ಸ್ಯಾಪರ್ ಎಂದರೆ ವಿವರಿಸಬೇಕಿಲ್ಲ. ಹಲಸೂರು ಕೆರೆಯ ಆಸುಪಾಸಿನ ದೊಡ್ಡ ನೆಲವೆಲ್ಲ ಮದ್ರಾಸ್ ಸ್ಯಾಪರ್‌ಗಳ ಎಂಇಜಿ ಕೇಂದ್ರದ್ದು. ಸೇತುವೆ ಕಟ್ಟುವುದು, ನೆಲಬಾಂಬು ಕೀಳುವುದು, ತಂತಿಬೇಲಿ ಸಿಡಿಸುವುದು ಸ್ಯಾಪರ್‌ನ ಕಸುಬು. 1912ರಲ್ಲಿ ಇಲ್ಲಿನ ಕ್ಯಾಪ್ಟನ್ ಮೆಕ್ಲಿಂಟಾಕ್ ತಂತಿಬೇಲಿಯನ್ನು ದೂರದಿಂದಲೇ ಸಿಡಿಸಲು ಸಿಡಿಮದ್ದು ತುಂಬಿದ ಉದ್ದ ಕೊಳವೆಯನ್ನು ಮಾಡಿದ. ಜಗತ್ತಿನ ಸೇನೆಗಳೆಲ್ಲ ಅದನ್ನು ಬ್ಯಾಂಗಲೂರ್ ಟಾರ್ಪಿಡೊ ಎಂದೇ ಕರೆಯುತ್ತವೆ. ಸಾಫ್ಟ್‌ವೇರಿಗಿಂತ ಎಷ್ಟೋ ಮೊದಲು ನಮ್ಮೂರಿನ ಹೆಸರು ಜಗತ್ತನ್ನು ಸುತ್ತಿದ್ದು ಒಂದು ಸ್ಫೋಟಕದ ಮೇಲೆ.

ಅಮೆರಿಕದ ಜೋ ಹಾಲ್ಡಮನ್ ಇದೇ ಕಸುಬಿನವನು. 1943ರಲ್ಲಿ ಹುಟ್ಟಿದ, ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಓದಿದ. ಪದವಿ ಮುಗಿಯುತ್ತಲೇ ಕಡ್ಡಾಯ ಸೈನ್ಯಸೇವೆಗೆ ಎಳೆದುಕೊಂಡರು. 1968ರಲ್ಲಿ ವಿಯೆಟ್ನಾಮಿನಲ್ಲಿ ಸ್ಫೋಟಕಗಳ ಕೆಲಸ ಮಾಡುವಾಗ ತೀವ್ರವಾಗಿ ಗಾಯಗೊಂಡ. 1972ರಲ್ಲಿ ಆ ಅನುಭವವನ್ನೇ ‘ವಾರ್ ಇಯರ್’ ಎಂಬ ಸಣ್ಣ ಕಾದಂಬರಿಯಾಗಿಸಿದ. ಆಮೇಲೆ ಬರೆದದ್ದು ‘ದಿ ಫಾರೆವರ್ ವಾರ್’. 18 ಪ್ರಕಾಶಕರು ಅದನ್ನು ತಿರಸ್ಕರಿಸಿದರು. ವಿಯೆಟ್ನಾಮಿನ ಕತೆ ಯಾರಿಗೆ ಬೇಕು ಎಂಬುದು ಆಗಿನ ಮಾತು. 1974ರ ಕೊನೆಗೆ ಹೊರಬಂದ ಅದು ಈ ಕ್ಷೇತ್ರದ ದೊಡ್ಡ ಪ್ರಶಸ್ತಿಗಳಾದ ನೆಬ್ಯುಲಾ, ಹ್ಯೂಗೊ ಎರಡನ್ನೂ ಗೆದ್ದಿತು.

ಕತೆ ಹೀಗಿದೆ. ಮ್ಯಾಂಡೆಲ್ಲಾ ಎಂಬ ಭೌತಶಾಸ್ತ್ರದ ವಿದ್ಯಾರ್ಥಿಯನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಿ ದೂರದ ನಕ್ಷತ್ರಗಳ ಯುದ್ಧಕ್ಕೆ ಕಳಿಸುತ್ತಾರೆ. ಬೆಳಕಿನ ವೇಗದ ಹತ್ತಿರ ಹೋಗುವವರಿಗೆ ಕಾಲ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದಾನಲ್ಲ. ಸೈನಿಕನಿಗೆ ಕೆಲವು ತಿಂಗಳು ಕಳೆದರೆ ಊರಲ್ಲಿ ದಶಕಗಳೇ ಕಳೆದಿರುತ್ತವೆ. ಮೊದಲ ಕಾಳಗದಲ್ಲಿ ಸೈನಿಕರು ಎದುರಿಸದೆ ನಿಂತವರನ್ನು ಕೊಚ್ಚಿಹಾಕುತ್ತಾರೆ. ಅದೂ ಮನಸ್ಸಿನೊಳಗೆ ಮೊದಲೇ ನೆಟ್ಟಿದ್ದ ಸಮ್ಮೋಹನದ ಆಜ್ಞೆಗೆ. ಊರಿಗೆ ಬಂದರೆ ಊರು ಗುರುತು ಸಿಗುವುದಿಲ್ಲ, ತಾಯಿಗೆ ವೈದ್ಯವೂ ಸಿಗುವುದಿಲ್ಲ. ಬೇರೆ ದಾರಿಯಿಲ್ಲದೆ ಮತ್ತೆ ಸೈನ್ಯಕ್ಕೇ ಹೋಗುತ್ತಾನೆ. ಸಾವಿರಕ್ಕೂ ಹೆಚ್ಚು ವರ್ಷ ನಡೆದ ಯುದ್ಧ ಕೊನೆಗೆ 3143ರ ಹೊತ್ತಿಗೆ ಮುಗಿದಿರುತ್ತದೆ. ಶುರುವಾದದ್ದೇ ಒಂದು ಸುಳ್ಳಿನಿಂದ, ಇಬ್ಬರ ಮಾತು ಒಬ್ಬರಿಗೊಬ್ಬರಿಗೆ ತಿಳಿಯದ್ದರಿಂದ ಎಂದು ಆಗ ಗೊತ್ತಾಗುತ್ತದೆ.

ಇಲ್ಲೂ ಆಯುಧಗಳಿವೆ, ಕವಚಗಳಿವೆ, ನೌಕೆಗಳಿವೆ. ವಿಜ್ಞಾನ ಚರ್ಚಿಲ್ಲನದಕ್ಕಿಂತ ಗಟ್ಟಿಯಾಗಿದೆ. ಆದರೆ ಯುದ್ಧ ಕಾಣುವುದು ಆಜ್ಞೆ ಕೊಡುವವನಿಗಲ್ಲ, ಆಜ್ಞೆ ತಿನ್ನುವವನಿಗೆ. 1997ರ ‘ಫಾರೆವರ್ ಪೀಸ್’ನಲ್ಲಿ ಹಾಲ್ಡಮನ್ ಇನ್ನೂ ಮುಂದೆ ಹೋದ. ಶ್ರೀಮಂತ ದೇಶದ ಸೈನಿಕರು ಮೆದುಳಿಗೆ ತಂತಿ ಜೋಡಿಸಿಕೊಂಡು, ಸುರಕ್ಷಿತ ಕೋಣೆಯಲ್ಲಿ ಕೂತು, ದೂರದ ಬಡದೇಶಗಳಲ್ಲಿ ಯಂತ್ರಸೈನಿಕರನ್ನು ಓಡಿಸುತ್ತಾರೆ. ನಾಯಕ ಜೂಲಿಯನ್ ಕ್ಲಾಸ್ ಕಪ್ಪು ಭೌತವಿಜ್ಞಾನಿ. ದೂರ ಕೂತು ಕೊಂದರೂ ಕೊಂದದ್ದು ಅವನನ್ನು ಬಿಡುವುದಿಲ್ಲ. ಬಹಳ ದಿನ ಒಬ್ಬರ ಮನಸ್ಸಿನೊಳಗೆ ಒಬ್ಬರು ಇದ್ದವರಿಗೆ ಕೊಲ್ಲಲು ಆಗದೇ ಹೋಗುತ್ತದೆ ಎಂಬುದೇ ಕಾದಂಬರಿಯ ತಿರುವು. ಪೈಲಟ್ ಇಲ್ಲದ ಸ್ಫೋಟಕ ಬರುತ್ತದೆ ಎಂದು 1924ರಲ್ಲೇ ಚರ್ಚಿಲ್ ಕಂಡ. ಅದನ್ನು ನಡೆಸುವವನಿಗೆ ರಾತ್ರಿ ಏನಾಗುತ್ತದೆ ಎಂದು ಕೇಳಿದವನು ಹಾಲ್ಡಮನ್. ಮುಂದಿನದನ್ನು ಕಾಣುವುದು ಸಾಹಿತ್ಯದ ಕೆಲಸದಲ್ಲಿ ಅರ್ಧ ಮಾತ್ರ.

ಇದೆಲ್ಲ ಕನ್ನಡಕ್ಕೆ ಯಾಕೆ ಎಂದು ಕೇಳುವವರಿಗೆ ಮರ್ಫಿ ಟೌನಿನಿಂದ ಒಂದು ಚಿಕ್ಕ ದಾರಿ ತೋರಿಸುತ್ತೇನೆ. ಹಳೇ ಮದ್ರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋಗಿ ಸುರಂಜನ್‌ದಾಸ್ ರಸ್ತೆಗೆ ತಿರುಗಿ. ಎಚ್ಎಎಲ್‌ನಲ್ಲಿ ಕಟ್ಟಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ಪೈಲಟ್ ಸುರಂಜನ್ ದಾಸ್. 1970ರಲ್ಲಿ ಅದೇ ಬಗೆಯ ವಿಮಾನ ಬಿದ್ದು ಇಲ್ಲೇ ಸತ್ತರು. ಆ ವಿಮಾನದ ವಿನ್ಯಾಸಕ ಕುರ್ಟ್ ಟ್ಯಾಂಕ್, ಹಿಟ್ಲರನ ವಾಯುಪಡೆಗೆ ಫೋಕ್-ವುಲ್ಫ್ 190 ಮಾಡಿಕೊಟ್ಟವನು, ಯುದ್ಧ ಮುಗಿದ ಮೇಲೆ ನಮ್ಮೂರಿಗೆ ಬಂದು ವರ್ಷಗಟ್ಟಲೆ ಇದ್ದ. ಅದೇ ರಸ್ತೆಯಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಮಾಡುವ ಎಡಿಇ ಇದೆ. ಸ್ವಲ್ಪ ಆಚೆಗೆ ಸಿ.ವಿ. ರಾಮನ್ ನಗರದಲ್ಲಿ ಜೆಟ್ ಇಂಜಿನ್ನಿನ ಪ್ರಯೋಗಾಲಯ, ರೇಡಾರಿನ ಪ್ರಯೋಗಾಲಯ, 1986ರಿಂದಲೂ ಕೃತಕ ಬುದ್ಧಿಮತ್ತೆ ಮತ್ತು ರೋಬಾಟುಗಳ ಮೇಲೆ ಕೆಲಸ ಮಾಡುತ್ತಿರುವ ರಕ್ಷಣಾ ಕೇಂದ್ರ. ಸೈನಿಕ ವಿಜ್ಞಾನ ಕಾದಂಬರಿಗೆ ಬೇಕಾದ ಸರಕೆಲ್ಲ ಬಸ್ಸಿನ ಕೆಲವೇ ಸ್ಟಾಪುಗಳೊಳಗಿದೆ. ಈ ಗೇಟುಗಳೊಳಗೆ ಬೆಳಿಗ್ಗೆ ಹೋಗುವ ಇಂಜಿನಿಯರುಗಳು, ಫಿಟ್ಟರುಗಳು, ಕ್ಯಾಂಟೀನಿನವರು, ಗುಡಿಸುವವರು ನಮ್ಮ ಅಕ್ಕಪಕ್ಕದ ಮನೆಯವರು. ರಾಜಶೇಖರ ಭೂಸನೂರಮಠರಂಥವರು ಕನ್ನಡಕ್ಕೆ ವಿಜ್ಞಾನ ಕಾದಂಬರಿಯ ರುಚಿ ಹತ್ತಿಸಿದ್ದಾರೆ. ಹಾಗಿದ್ದೂ ಕನ್ನಡ ಕಾದಂಬರಿ ಈ ಗೇಟುಗಳ ಮುಂದೆ ಬಹುಮಟ್ಟಿಗೆ ಬಸ್ಸಿನಿಂದ ಇಳಿದೇ ಇಲ್ಲ.

ಯಾಕೆ? ನನ್ನ ಉತ್ತರ ಹಿತವಾದದ್ದಲ್ಲ. ಪೇಟೆಯ ನಮಗೆ ದಂಡು ಪರಊರು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗಲೂ ದಂಡು ಬ್ರಿಟಿಷರಲ್ಲೇ ಉಳಿಯಿತು. ಮೈಸೂರಿಗೆ ಸೇರಿದ್ದು 1947ರ ಜುಲೈನಲ್ಲಿ. ಅಲ್ಲಿನ ಬೀದಿಗಳಲ್ಲಿ ತಮಿಳು, ದಖ್ಖನಿ, ತೆಲುಗು, ಇಂಗ್ಲಿಷ್ ಬೆರೆತ ಮಾತು. ಅದು ಕನ್ನಡದ ಲೋಕವಲ್ಲ ಎಂದು ನಾವು ಮುಖ ತಿರುಗಿಸಿದೆವು. ಹಾಗೆ ಮಾಡಿ ದಂಡಿನ ಕತೆಯನ್ನು ಬಂಗಲೆ, ಬೇಕರಿ, ಪೋಲೊ, ಗುಲಾಬಿಗಳ ನೆನಪುಗಾರರಿಗೆ ಬಿಟ್ಟುಕೊಟ್ಟೆವು. ಅವರು 13 ರೂಪಾಯಿ ಎತ್ತಿಕೊಂಡರು, ಭಿಸ್ತಿಯನ್ನು ಬಿಟ್ಟರು. ನಾವೂ ಕೂತು ಚಪ್ಪಾಳೆ ತಟ್ಟಿದೆವು. ಮರ್ಫಿ ಟೌನಿನ ಹುಡುಗನ ಮನೆಮಾತು ತಮಿಳಾದರೆ ಅವನ ಕತೆ ಕನ್ನಡದ್ದಾಗುವುದಿಲ್ಲ ಎಂದು ತೀರ್ಮಾನಿಸಿದವರು ಯಾರು?

ಯುದ್ಧದ ಕಾದಂಬರಿ ಬಂದೂಕಿನ ಚಪಲ, ನಮ್ಮದು ಶಾಂತಿಯ ನೆಲ ಎಂಬ ಇನ್ನೊಂದು ಮಾತಿದೆ. ಇದು ನಮ್ಮ ಪರಂಪರೆಯ ಪರಿಚಯವಿಲ್ಲದವರ ಮಾತು. ನಮ್ಮ ಆದಿಕವಿ ಪಂಪನೇ ಕತ್ತಿ ಹಿಡಿದವನು. ನಮ್ಮ ಹೊಲದ ಬದುಗಳಲ್ಲಿ, ಗುಡಿಯ ಹಿಂದೆ, ರಸ್ತೆ ಅಗಲಿಸುವಾಗ ಎದ್ದು ಬರುವ ವೀರಗಲ್ಲುಗಳು ಸಾವಿರಾರು. ತುರು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಸತ್ತವನು. ರಾಜನಲ್ಲ, ಊರವನು. ವೀರಗಲ್ಲಿಗೂ ಅದರದೇ ಸುಳ್ಳುಗಳಿವೆ: ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ಚಿತ್ರ ಕೆತ್ತಿ, ಅವನ ಹೆಂಡತಿಯ ಹಸಿವನ್ನು ಮರೆಮಾಡುತ್ತದೆ. ಆದರೂ ಅದು ಮಲಕಂಡ್ ಪುಸ್ತಕ ಬಹುಮಟ್ಟಿಗೆ ಬಿಟ್ಟ ಕೆಲಸವನ್ನು ಮಾಡುತ್ತದೆ. ಹೆಸರು ಹೇಳುತ್ತದೆ.

ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಹಳೆಯ ಬರಹ ಬೇಗೂರಿನ ಶಾಸನ. ಸುಮಾರು 890ರದು. ಅದು ಬೆಂಗಳೂರಿನ ಕಾಳಗದ ಮಾತು. ಆ ಕಾಳಗದಲ್ಲಿ ಸತ್ತ ಬುಟ್ಟಣಶೆಟ್ಟಿಯ ಹೆಸರನ್ನು ಆ ಕಲ್ಲು ಹೊತ್ತು ನಿಂತಿದೆ. ಊರಿನ ಹೆಸರು ಬರಹಕ್ಕೆ ಬಂದದ್ದೇ ಸತ್ತವನೊಬ್ಬನ ಹೆಸರಿನ ಜೊತೆ. ಸಾವಿರದ ನೂರು ವರ್ಷದ ಹಿಂದೆ ಉಳಿ ಹಿಡಿದ ಆ ಕನ್ನಡಿಗನಿಗಿದ್ದ ಎಚ್ಚರ ಗಿಬ್ಬನ್ ಓದಿದ ಲೆಫ್ಟಿನೆಂಟಿಗಿರಲಿಲ್ಲ. ಅವನ ಬಾಕಿಯನ್ನು ನೋಡಿ ನಗುವ ನಮಗೂ ಇಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ 13 ರೂಪಾಯಿಯ ಕತೆ ಹೇಳಿದರೆ ನಗಬೇಡಿ. ಗದ್ದ ಎತ್ತಿದ ಆ ತಣ್ಣಗಿನ ಕೈ ಯಾರದೆಂದು ಕೇಳಿ. ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಅವನ ಹೆಸರು ನಿಜಕ್ಕೂ ವಸೂಲಾಗದ ಬಾಕಿ. ಆದರೆ ಇಂದು ಬೆಳಿಗ್ಗೆ ಮರ್ಫಿ ಟೌನಿನಿಂದ ಹೊರಟು ಸುರಂಜನ್‌ದಾಸ್ ರಸ್ತೆಯ ಗೇಟೊಂದರಲ್ಲಿ ಪಾಸು ತೋರಿಸಿ, ಪೈಲಟ್ ಇಲ್ಲದ ವಿಮಾನ ನಿಂತಿರುವ ಶೆಡ್ಡಿನ ನೆಲ ಒರೆಸಲು ಒಳಗೆ ಹೋದ ಹೆಂಗಸಿಗೆ ಹೆಸರಿದೆ. ಆ ವಿಮಾನ ಮುಂದೊಂದು ದಿನ ಎಲ್ಲಿಗೆ ಹಾರುತ್ತದೆ, ಯಾರ ಮನೆಯ ಮೇಲೆ ಹಾರುತ್ತದೆ ಎಂದು ಅವಳು ಯೋಚಿಸಿರಬಹುದು. ಕನ್ನಡದ ಸೈನಿಕ ವಿಜ್ಞಾನ ಕಾದಂಬರಿ ಅವಳಿಂದ ಶುರುವಾಗಲಿ.